ಹೆಸರು ಮರೆಸಿಕೊಂಡ ಬ್ಯಾಂಡ್‌ಮಾಸ್ಟರ್

‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಎಂಬ 1957ರ ಚಲಚ್ಚಿತ್ರವನ್ನು ನೋಡಿದವರು ಅದರ ಕಥೆಯನ್ನು ಮರೆತಿರಬಹುದು. ಅದರ ಸಿಳ್ಳನ್ನು ಮರೆತಿರಲಾರರು. ಜಪಾನೀಯರ ಸೆರೆಗೆ ಸಿಕ್ಕಿದ ಬ್ರಿಟಿಷ್ ಸಿಪಾಯಿಗಳು ಕಾಡಿನ ನಡುವಣ ಶಿಬಿರವೊಂದನ್ನು ಪ್ರವೇಶಿಸುತ್ತಾರೆ. ಹರಕು ಬಟ್ಟೆ, ಬಾಯಿಬಿಟ್ಟ ಬೂಟು, ಸೊರಗಿದ ಮೈ. ಕೈಯಲ್ಲಿ ಆಯುಧವಿಲ್ಲ, ಮುಂದೆ ಬ್ಯಾಂಡೂ ಇಲ್ಲ. ತುಟಿಗಳನ್ನೇ ವಾದ್ಯ ಮಾಡಿಕೊಂಡು, ಸೋತವರು ಗೆದ್ದವರಂತೆ ಹೆಜ್ಜೆ ಹಾಕುತ್ತ ಬರುತ್ತಾರೆ.

ಆ ಸ್ವರವನ್ನು ಚಿತ್ರಕ್ಕಾಗಿಯೇ ಕಟ್ಟಿದರೆಂದು ಭಾವಿಸಿದವರು ಬಹಳ. ಚಿತ್ರದ ಸಂಗೀತಕ್ಕೆ ದೊರೆತ ಅಕಾಡೆಮಿ ಪಾರಿತೋಷಕವನ್ನು ಪಡೆದವನು ಮಾಲ್ಕಮ್ ಆರ್ನಾಲ್ಡ್. ಆ ಸಿಳ್ಳಿಗೆ ಜೊತೆಯಾಗಿ ನಡೆಯುವ ಇನ್ನೊಂದು ನಡಿಗೆಯನ್ನು ಅವನು ಸೊಗಸಾಗಿ ಹೆಣೆದನೆಂಬುದೂ ನಿಜ. ಆದರೆ ಮೂಲ ಸ್ವರ ಚಿತ್ರಕ್ಕಿಂತ 43 ವರ್ಷ ಹಿರಿಯದು. ‘ಕರ್ನಲ್ ಬೋಗಿ’ ಎಂಬುದು ಅದರ ಹೆಸರು. ಅದನ್ನು ರಚಿಸಿದವನು ಸ್ಕಾಟ್ಲೆಂಡಿನ ಪಡೆಯೊಂದರ ಬ್ಯಾಂಡ್‌ಮಾಸ್ಟರ್. ಚಿತ್ರ ತೆರೆ ಕಾಣುವ ಹೊತ್ತಿಗೆ ಅವನು ಕಾಲವಾಗಿ 12 ವರ್ಷಗಳಾಗಿದ್ದುವು. ಸ್ವರಲಿಪಿಯ ಹಾಳೆಯ ಮೇಲಿದ್ದ ಹೆಸರಾದರೂ ಅವನದೇ ಎನ್ನೋಣವೆಂದರೆ, ಅದೂ ಅಲ್ಲ.

ಫ್ರೆಡರಿಕ್ ಜೋಸೆಫ್ ರಿಕೆಟ್ಸ್ 1881ರ ಫೆಬ್ರವರಿ 21ರಂದು ಲಂಡನ್ ನಗರದ ಪೂರ್ವಭಾಗದಲ್ಲಿ ಹುಟ್ಟಿದನು. ಹಡಗುಕಟ್ಟೆಗಳ ಸಮೀಪದ ಬಡ ಕೇರಿ ಅದು. ತಂದೆಗೆ ಇದ್ದಿಲ ವ್ಯಾಪಾರ. ಹುಡುಗನಿಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಪಾಠ ಎಳವೆಯಲ್ಲಿಯೇ ಆಯಿತು. ಅಷ್ಟರಲ್ಲಿ ತಂದೆ ತೀರಿಕೊಂಡನು. ಮಗನಿಗೆ 14 ತುಂಬುವ ಕಾಲಕ್ಕೆ ತಾಯಿಯೂ ಇಲ್ಲವಾದಳು. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ, ಕೈಗೊಂದು ವಾದ್ಯ, ಈ ಮೂರನ್ನೂ ಒಟ್ಟಿಗೆ ಕೊಡುವ ಮನೆ ಅಂದಿನ ಇಂಗ್ಲೆಂಡಿನಲ್ಲಿ ಅನಾಥ ಬಾಲಕನಿಗೆ ಒಂದೇ: ಸೈನ್ಯ. 1895ರಲ್ಲಿ ಅವನು ರಾಯಲ್ ಐರಿಷ್ ರೆಜಿಮೆಂಟಿನ ಬ್ಯಾಂಡಿನಲ್ಲಿ ಬಾಲಕನಾಗಿ ಸೇರಿದನು. ಪಡೆಯೊಡನೆ ಐರ್ಲೆಂಡಿನಲ್ಲಿದ್ದನು, ನಮ್ಮ ಭಾರತಕ್ಕೂ ಬಂದನು. ಇತರ ಸಿಪಾಯಿಗಳು ಬಿಡುವಿನ ವೇಳೆಯನ್ನು ಇಸ್ಪೀಟಿನಲ್ಲಿ ಕಳೆದರೆ, ಈತ ಬ್ಯಾಂಡಿನ ಒಂದೊಂದೇ ವಾದ್ಯವನ್ನು ಎತ್ತಿಕೊಂಡು ಕೈ ಕೂಡಿಸಿಕೊಂಡನು.

ಮೇಲಧಿಕಾರಿಗಳ ಕಣ್ಣಿಗೆ ಇದು ಬಿತ್ತು. 1904ರಲ್ಲಿ ಅವನನ್ನು ನೆಲರ್ ಹಾಲ್ ಎಂಬಲ್ಲಿದ್ದ ಸೈನ್ಯದ ಸಂಗೀತ ಶಾಲೆಗೆ ಕಳುಹಿಸಿದರು. ಈ ಶಾಲೆ ಹುಟ್ಟಿದ್ದೂ ಒಂದು ಅವಮಾನದಿಂದ. 1854ರ ಕ್ರಿಮಿಯಾ ಯುದ್ಧಕಾಲದಲ್ಲಿ ತುರ್ಕಿಯ ಸ್ಕುಟಾರಿಯಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಕವಾಯತು ನಡೆಯಿತು. ಸುಮಾರು ಇಪ್ಪತ್ತು ಬ್ಯಾಂಡುಗಳು ಒಮ್ಮೆಗೇ ರಾಷ್ಟ್ರಗೀತೆಯನ್ನು ಎತ್ತಿಕೊಂಡುವು. ಒಂದೊಂದರದು ಒಂದೊಂದು ಶ್ರುತಿ, ಒಂದೊಂದು ಪಾಠ. ಮಿತ್ರರಾಷ್ಟ್ರಗಳ ಸೇನಾನಿಗಳ ಎದುರಿನಲ್ಲಿ ಎದ್ದ ಆ ಗದ್ದಲಕ್ಕೆ ತಲೆ ತಗ್ಗಿಸಬೇಕಾಯಿತು. ಅದುವರೆಗೆ ಬ್ಯಾಂಡ್‌ಮಾಸ್ಟರುಗಳೆಂದರೆ ಬಹುಮಟ್ಟಿಗೆ ಸಂಬಳಕ್ಕೆ ಗೊತ್ತುಮಾಡಿಕೊಂಡ ನಾಗರಿಕರು, ಜರ್ಮನರು, ಇಟಲಿಯವರು. ಯುದ್ಧವೆಂದೊಡನೆ ಅವರಲ್ಲಿ ಅನೇಕರು ವಾದ್ಯದಂಡವನ್ನು ಕೆಳಗಿಟ್ಟು ಮನೆಯ ದಾರಿ ಹಿಡಿದಿದ್ದರು. ಸೈನ್ಯದವರನ್ನೇ ಸಂಗೀತಗಾರರನ್ನಾಗಿ ಮಾಡಬೇಕೆಂದು 1857ರಲ್ಲಿ ಶಾಲೆ ತೆರೆಯಿತು. 2021ರವರೆಗೂ ಅದು ಅದೇ ಕಟ್ಟಡದಲ್ಲಿ ನಡೆಯಿತು.

ಅಲ್ಲಿ ಓದಿ, ಕೆಲಕಾಲ ಅಲ್ಲಿಯೇ ಸಹಾಯಕನಾಗಿದ್ದು, 1907ರಲ್ಲಿ ಮದುವೆಯಾಗಿ, 1908ರಲ್ಲಿ ರಿಕೆಟ್ಸನು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಪಡೆಯ ಎರಡನೆಯ ಬೆಟಾಲಿಯನ್ನಿಗೆ ಬ್ಯಾಂಡ್‌ಮಾಸ್ಟರನಾದನು. ಬೆಟಾಲಿಯನ್ನು ಆಗ ದಕ್ಷಿಣ ಆಫ್ರಿಕದಲ್ಲಿತ್ತು. ಬಲಕ್ಲಾವದಲ್ಲಿ ರಷ್ಯದ ಕುದುರೆ ದಂಡನ್ನು ತೆಳ್ಳನೆಯ ಕೆಂಪು ಸಾಲಾಗಿ ನಿಂತು ತಡೆದರೆಂಬ ಕೀರ್ತಿ ಈ ಪಡೆಯದು. ಹೊಸ ಬ್ಯಾಂಡ್‌ಮಾಸ್ಟರ್ ಬಂದ ವರ್ಷವೇ ಆ ಹೆಸರಿನಲ್ಲಿ ‘ದಿ ಥಿನ್ ರೆಡ್ ಲೈನ್’ ಎಂಬ ತನ್ನ ಮೊದಲ ನಡಿಗೆಯ ಸಂಗೀತವನ್ನು ಬರೆದನು. (ಇದೇ ಪಡೆ 1857ರಲ್ಲಿ ಲಖನೌದ ಸಿಕಂದರ್ ಬಾಗಿನ ಗೋಡೆಗಳನ್ನು ಹೊಕ್ಕು ಮಾಡಿದ ಸಂಹಾರವನ್ನು ಭಾರತೀಯರು ಬೇರೆ ಬಗೆಯಲ್ಲಿ ನೆನೆಯುತ್ತಾರೆ. ಒಬ್ಬರ ಬಿರುದು ಇನ್ನೊಬ್ಬರ ಗಾಯ.)

ಬ್ಯಾಂಡ್‌ಮಾಸ್ಟರನ ಕೆಲಸವೇನು? ದಸರೆಯ ಮೆರವಣಿಗೆಯಲ್ಲಿ ಬೆಳ್ಳಿಯಂತೆ ಹೊಳೆಯುವ ವಾದ್ಯಗಳನ್ನು ಕಂಡವರಿಗೆ ಅದು ಬರಿಯ ಅಲಂಕಾರವೆಂದು ತೋರಬಹುದು. ಅಲ್ಲ. ಭಾರವಾದ ಗಂಟನ್ನು ಬೆನ್ನಿಗೆ ಕಟ್ಟಿಕೊಂಡ ಸಾವಿರ ಜನ ಮೈಲಿಗಟ್ಟಲೆ ನಡೆಯಬೇಕು. ಎಡ, ಬಲ, ಎಡ, ಬಲ ಎಂಬ ಎರಡೇ ಏಟಿನ ತಾಳ ಮುರಿಯಬಾರದು. ನಿಮಿಷಕ್ಕೆ ನೂರ ಹದಿನಾರೋ ನೂರಿಪ್ಪತ್ತೋ ಹೆಜ್ಜೆ. ನುಡಿಸುವವನೂ ನಡೆಯುತ್ತಲೇ ನುಡಿಸುತ್ತಾನೆ. ಅಂಗೈಯಗಲದ ಕಾಗದವನ್ನು ವಾದ್ಯಕ್ಕೆ ಸಿಕ್ಕಿಸಿಕೊಂಡು ಓದಿಕೊಳ್ಳುತ್ತಾನೆ. ಆದುದರಿಂದ ರಚನೆ ಆ ಕಾಗದದಲ್ಲಿ ಹಿಡಿಯುವಷ್ಟೇ ಇರಬೇಕು. ಈ ಇಕ್ಕಟ್ಟಿನಲ್ಲಿ ರಿಕೆಟ್ಸನ ಕೌಶಲ. ಮೇಲೆ ಒಂದು ರಾಗ ಸಾಗುತ್ತಿದ್ದರೆ ಕೆಳಗಿನ ದಪ್ಪ ಕಂಠದ ವಾದ್ಯಗಳಲ್ಲಿ ಇನ್ನೊಂದು ರಾಗ ಅದಕ್ಕೆ ಎದುರಾಡುತ್ತದೆ, ಜಗಳವಾಡದೆ. ಹಿಂದಿನ ಸಾಲಿನ ವಾದಕನಿಗೂ ತನ್ನದೆಂಬ ಒಂದು ಮಾತು ಇರುತ್ತದೆ. ಬಾಲಕನಾಗಿ ಹಿಂದಿನ ಸಾಲಿನಲ್ಲಿ ನಿಂತವನಿಗಲ್ಲದೆ ಇದು ತೋಚಲಾರದು.

1914ರಲ್ಲಿ ಬೆಟಾಲಿಯನ್ನು ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದ ಬಳಿ, ಕಡಲತಡಿಯ ಫೋರ್ಟ್ ಜಾರ್ಜ್ ಕೋಟೆಯಲ್ಲಿತ್ತು. ಸಮೀಪದಲ್ಲಿ ಗಾಲ್ಫ್ ಮೈದಾನ. ಅಲ್ಲಿ ಆಡುತ್ತಿದ್ದ ಅಧಿಕಾರಿಯೊಬ್ಬನಿಗೆ, ಚೆಂಡು ಬರುತ್ತಿದೆ ಎಂದು ಮುಂದಿನವರಿಗೆ ಕೂಗಿ ಎಚ್ಚರಿಸುವ ಬದಲು ಎರಡು ಸ್ವರಗಳ ಸಿಳ್ಳು ಹಾಕುವ ಅಭ್ಯಾಸವಂತೆ. ಒಂದು ಮೇಲಿನದು, ಒಂದು ಅದಕ್ಕಿಂತ ಕೆಳಗಿನದು. ಆ ಎರಡು ಸ್ವರಗಳು ರಿಕೆಟ್ಸನ ಕಿವಿಯಲ್ಲಿ ಕುಳಿತುವು. ಮುಂದಿನ ಸಾಲು ತಾನಾಗಿ ಹುಟ್ಟಿತು. ಹೆಸರೂ ಆ ಆಟದಿಂದಲೇ ಬಂದಿತು. ಗಾಲ್ಫಿನಲ್ಲಿ ಒಳ್ಳೆಯ ಆಟಗಾರನು ಒಂದು ಕುಳಿಯನ್ನು ಇಷ್ಟೇ ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕವುಂಟು. ಆ ಲೆಕ್ಕವನ್ನೇ ಎದುರಾಳಿಯೆಂದು ಕಲ್ಪಿಸಿಕೊಂಡು ಜನ ಆಡುತ್ತಿದ್ದರು. ಆ ಅದೃಶ್ಯ ಎದುರಾಳಿಗೆ 1890ರ ದಶಕದಲ್ಲಿಯೇ ಕರ್ನಲ್ ಬೋಗಿ ಎಂದು ನಾಮಕರಣವಾಗಿತ್ತು. ಎಂದರೆ, ಎಲ್ಲಿಯೂ ಇಲ್ಲದ ಕರ್ನಲ್.

ಇಲ್ಲದ ಕರ್ನಲನ ಮೇಲಣ ಸಂಗೀತಕ್ಕೆ ಕರ್ತೃವೂ ಇಲ್ಲದವನೇ ಆದನು. ಸೈನ್ಯದ ಸೇವೆಯಲ್ಲಿರುವವರು ಹೊರಗಿನ ವ್ಯಾಪಾರಕ್ಕೆ ತಮ್ಮ ಹೆಸರನ್ನು ಹಚ್ಚುವುದು ಮೇಲಿನವರಿಗೆ ಸರಿಬೀಳುತ್ತಿರಲಿಲ್ಲ. ರಿಕೆಟ್ಸನು ತನ್ನ ಮಗನೊಬ್ಬನ ಹೆಸರಾದ ಕೆನೆತ್, ತನ್ನದೇ ನಡುವಿನ ಹೆಸರಿನ ಮೊದಲಕ್ಷರ, ತಾಯಿಯ ತವರಿನ ಹೆಸರಾದ ಆಲ್ಫರ್ಡ್, ಇವನ್ನು ಪೋಣಿಸಿ ‘ಕೆನೆತ್ ಜೆ. ಆಲ್ಫರ್ಡ್’ ಎಂದು ಸಹಿ ಮಾಡಿದನು. ಬ್ಯಾಂಡ್‌ಮಾಸ್ಟರೇ ಆಗಿದ್ದ ಅವನ ತಮ್ಮನೂ ಇನ್ನೊಂದು ಕಳ್ಳ ಹೆಸರಿನಲ್ಲಿಯೇ ಬರೆದನು. ಸರಕಾರಿ ಅಧಿಕಾರದಲ್ಲಿದ್ದುಕೊಂಡು ‘ಶ್ರೀನಿವಾಸ’ರಾಗಿ ಕಥೆ ಬರೆದ ಮಾಸ್ತಿಯವರನ್ನು ಬಲ್ಲ ಕನ್ನಡಿಗರಿಗೆ ಕಾವ್ಯನಾಮ ಹೊಸದಲ್ಲ. ವ್ಯತ್ಯಾಸವಿಷ್ಟೆ: ಇಲ್ಲಿ ಶ್ರೀನಿವಾಸರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅಲ್ಲಿ ರಾಗವನ್ನು ಸಿಳ್ಳು ಹಾಕಿದ ಲಕ್ಷಾಂತರ ಜನರಿಗೆ ರಿಕೆಟ್ಸ್ ಎಂಬವನೊಬ್ಬ ಇದ್ದನೆಂಬುದೇ ತಿಳಿಯಲಿಲ್ಲ. ಆರು ಮಕ್ಕಳ ಸಂಸಾರದವನು ತಾಯಿಯ ಹೆಸರನ್ನು ಆರಿಸಿಕೊಂಡನಲ್ಲ, ಅದು ಮನಸ್ಸಿಗೆ ತಟ್ಟುವ ಸಂಗತಿ. ಹದಿನಾಲ್ಕರಲ್ಲಿ ಕಳೆದುಕೊಂಡವಳಿಗೆ ಬೇರಾವ ಸ್ಮಾರಕವನ್ನು ಅವನು ಕಟ್ಟಬಲ್ಲವನಾಗಿದ್ದನು?

ಆ ವರ್ಷ ಆಗಸ್ಟ್ 4ರಂದು ಬ್ರಿಟನ್ ಯುದ್ಧವನ್ನು ಘೋಷಿಸಿತು. ಎರಡನೆಯ ವಾರದಲ್ಲಿಯೇ ಬೆಟಾಲಿಯನ್ನು ಫ್ರಾನ್ಸಿನ ಬುಲೋನ್ ಬಂದರಿನಲ್ಲಿ ಇಳಿಯಿತು. ಆಗಸ್ಟ್ 26ರಂದು ಲ ಕಾತೋ ಎಂಬಲ್ಲಿ ಹಿನ್ನಡೆಯುತ್ತಿದ್ದ ಸೇನೆಯನ್ನು ಉಳಿಸಲು ನಿಂತು ಕಾದಿ, ತನ್ನವರಲ್ಲಿ ನೂರಾರು ಮಂದಿಯನ್ನು ಒಂದೇ ದಿನದಲ್ಲಿ ಕಳೆದುಕೊಂಡಿತು. ಯುದ್ಧಕಾಲದಲ್ಲಿ ಬ್ರಿಟಿಷ್ ಪಡೆಗಳ ವಾದಕರು ವಾದ್ಯಗಳನ್ನು ಉಗ್ರಾಣಕ್ಕೆ ಒಪ್ಪಿಸಿ, ಗಾಯಾಳುಗಳನ್ನು ಹೊರುವ ಡೋಲಿಗಳನ್ನು ಎತ್ತಿಕೊಳ್ಳಬೇಕೆಂಬುದು ಹಳೆಯ ರೂಢಿ. ನಿನ್ನೆಯವರೆಗೆ ಕ್ಲಾರಿನೆಟ್ ಹಿಡಿದ ಬೆರಳುಗಳು ಇಂದು ಗುಂಡಿನ ಮಳೆಯ ನಡುವೆ ರಕ್ತವನ್ನು ಒತ್ತಿ ಹಿಡಿಯಬೇಕು. ಒಬ್ಬ ಬ್ಯಾಂಡ್‌ಮಾಸ್ಟರ್ ಹುಡುಗರನ್ನು ಹತ್ತು ವರ್ಷ ತಿದ್ದಿ ಸಿದ್ಧಮಾಡಿದ ತಂಡ ಹತ್ತು ದಿನಗಳಲ್ಲಿ ಚದರಿಹೋಗಬಹುದು. ಅವನಾದರೋ ಮತ್ತೆ ಹೊಸ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಮೊದಲನೆಯ ಸ್ವರದಿಂದ ಆರಂಭಿಸಬೇಕು.

ಆ ನಾಲ್ಕು ವರ್ಷಗಳಲ್ಲಿ ರಿಕೆಟ್ಸನ ಮನಸ್ಸಿನಲ್ಲಿ ಏನು ನಡೆಯಿತೆಂಬುದನ್ನು ಅವನ ರಚನೆಗಳ ಹೆಸರುಗಳೇ ಹೇಳುತ್ತವೆ. 1916ರಲ್ಲಿ ‘ದಿ ಗ್ರೇಟ್ ಲಿಟಲ್ ಆರ್ಮಿ’. ಬ್ರಿಟನ್ನಿನ ಪುಟ್ಟ ಸೇನೆಯನ್ನು ಜರ್ಮನಿಯ ಕೈಸರನು ತುಚ್ಛವೆಂದು ಜರೆದನೆಂಬ ಮಾತು ಆಗ ಎಲ್ಲೆಡೆ ಹಬ್ಬಿತ್ತು. ಅಂಥ ಆಜ್ಞಾಪತ್ರ ಮುಂದೆ ಯಾರ ಕೈಗೂ ಸಿಕ್ಕಲಿಲ್ಲವೆನ್ನಿ. ಪುಟ್ಟದಾದರೂ ದೊಡ್ಡದೆಂಬುದು ಬ್ಯಾಂಡ್‌ಮಾಸ್ಟರನ ಉತ್ತರ. 1917ರಲ್ಲಿ ನೌಕಾಪಡೆಗೆಂದು ‘ಆನ್ ದಿ ಕ್ವಾರ್ಟರ್ ಡೆಕ್’, ಫಿರಂಗಿ ಪಡೆಗೆಂದು ‘ದಿ ವಾಯ್ಸ್ ಆಫ್ ದಿ ಗನ್ಸ್’. ಅಷ್ಟರವರೆಗೆ ಎದೆಯುಬ್ಬಿಸುವ ಧಾಟಿ. 1918ರಲ್ಲಿ ಬಂದುದು ‘ದಿ ವ್ಯಾನಿಷ್ಡ್ ಆರ್ಮಿ’, ಮರೆಯಾದ ಸೇನೆ. ಯುದ್ಧದಲ್ಲಿ ಮಡಿದ ಮೊದಲ ಒಂದು ಲಕ್ಷ ಜನರಿಗೆ ಅದು ಅರ್ಪಿತ. ‘ಅವರೆಂದೂ ಸಾಯರು’ ಎಂಬರ್ಥದ ಉಪಶೀರ್ಷಿಕೆ ಅದಕ್ಕುಂಟು. 1914ರಲ್ಲಿ ಸಿಪಾಯಿಗಳು ಹಾಡುತ್ತ ಹೋದ ಟಿಪ್ಪರೇರಿಯ ಹಾಡು ಅದರೊಳಗೆ ನೆನಪಿನಂತೆ ಬಂದು ಹೋಗುತ್ತದೆ. ನಡಿಗೆಯ ಸಂಗೀತವೆಂದರೆ ಬದುಕಿರುವವರ ಕಾಲಿಗೆ. ಇಲ್ಲಿ ಅದು ನಡೆಯಲಾರದವರಿಗಾಗಿ ಬರೆದುದಾಯಿತು. ಅವನ ಹದಿನೆಂಟರಷ್ಟು ರಚನೆಗಳಲ್ಲಿ ಹೃದಯಕ್ಕೆ ಹತ್ತಿರವಾದುದು ಇದೇ ಎನ್ನಬೇಕು. ‘ಕರ್ನಲ್ ಬೋಗಿ’ಯ ಜನಪ್ರಿಯತೆ ಇದಕ್ಕೆ ಬರಲಿಲ್ಲ. ಇದನ್ನು ಸಿಳ್ಳು ಹಾಕುವುದಕ್ಕೆ ಆಗುವುದಿಲ್ಲ.

ಶಾಂತಿಯ ವರ್ಷಗಳನ್ನು ಬೇಗ ದಾಟಬಹುದು. ಪಡೆಯ ಬ್ಯಾಂಡು ನ್ಯೂಜಿಲೆಂಡಿನ ಡನೀಡಿನ್ ನಗರದ ವಸ್ತುಪ್ರದರ್ಶನದವರೆಗೂ ಹೋಗಿ ಹೆಸರು ಪಡೆಯಿತು. ‘ಕರ್ನಲ್ ಬೋಗಿ’ಯ ಮುದ್ರಿತ ಪ್ರತಿಗಳು 1930ರ ದಶಕದ ಆದಿಭಾಗಕ್ಕೆ 10 ಲಕ್ಷವನ್ನು ದಾಟಿದುವೆಂದು ಗಣನೆ. ಅಮೆರಿಕದ ಸೂಸನನ್ನು ನಡಿಗೆಯ ಸಂಗೀತದ ರಾಜನೆಂದು ಕರೆದಂತೆ ಆಲ್ಫರ್ಡನನ್ನು ಬ್ರಿಟನ್ನಿನ ರಾಜನೆಂದು ಕರೆದರು. ರಿಕೆಟ್ಸನು ಮಾತ್ರ 1927ರವರೆಗೂ ಅಧಿಕಾರಿಯ ದರ್ಜೆಗೆ ಏರದೆ ಬ್ಯಾಂಡ್‌ಮಾಸ್ಟರನಾಗಿಯೇ ದುಡಿದನು. ಆ ವರ್ಷ ರಾಯಲ್ ಮೆರೀನ್ಸ್ ಎಂಬ ನೌಕಾ ಪದಾತಿ ದಳವು ಅವನನ್ನು ಸಂಗೀತ ನಿರ್ದೇಶಕನನ್ನಾಗಿ ಕರೆದುಕೊಂಡಿತು. 1930ರಿಂದ ಅವನು ಪ್ಲಿಮತ್ ಬಂದರಿನಲ್ಲಿ, ದಳದ ಪ್ಲಿಮತ್ ವಿಭಾಗದ ಬ್ಯಾಂಡಿಗೆ ಮುಖ್ಯಸ್ಥ.

1939ರಲ್ಲಿ ಎರಡನೆಯ ಯುದ್ಧ ಬಂದಿತು. ಐವತ್ತೆಂಟರ ರಿಕೆಟ್ಸನು ಮತ್ತೆ ಲೇಖನಿಯನ್ನು ಹಿಡಿದನು. ಉತ್ತರ ಆಫ್ರಿಕದಲ್ಲಿ ಹೋರಾಡಿದ ವೇವೆಲ್ ಸೇನಾಪತಿಯ ಪಡೆಗಾಗಿ 1941ರಲ್ಲಿ ‘ಆರ್ಮಿ ಆಫ್ ದಿ ನೈಲ್’. ಬ್ರಿಟನ್ನಿನ ವಿಮಾನದಳಕ್ಕೆ ಸ್ವಯಂ ಸೇವಕರಾಗಿ ಬಂದ ಅಮೆರಿಕದ ತರುಣರಿಗಾಗಿ 1942ರಲ್ಲಿ ‘ಈಗಲ್ ಸ್ಕ್ವಾಡ್ರನ್’. 1941ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಜರ್ಮನ್ ವಿಮಾನಗಳು ಪ್ಲಿಮತ್ ನಗರದ ಹೃದಯಭಾಗವನ್ನು ಸುಟ್ಟು ಬೂದಿ ಮಾಡಿದುವು. ಈ ಬಾರಿ ಬ್ಯಾಂಡ್‌ಮಾಸ್ಟರನ ಮನೆಬಾಗಿಲಿಗೇ ರಣರಂಗ ಬಂದಿತ್ತು.

ಮೆರೀನ್ಸ್ ವಾದಕರ ಯುದ್ಧಕಾಲದ ಉದ್ಯೋಗವನ್ನು ಇಲ್ಲಿ ಹೇಳದಿರಲಾಗದು. ರಿಕೆಟ್ಸನದು ದಡದ ಬ್ಯಾಂಡು. ಯುದ್ಧನೌಕೆಗಳಲ್ಲಿಯೂ ಮೆರೀನ್ಸ್ ವಾದಕರ ತಂಡಗಳಿರುತ್ತಿದ್ದುವು. ಬೆಳಿಗ್ಗೆ ಧ್ವಜವಂದನೆಗೆ ನುಡಿಸಿದ ಆ ವಾದಕರು, ಕಾಳಗದ ಗಂಟೆಯಾದೊಡನೆ ಹಡಗಿನ ಅಡಿಭಾಗದ ಒಂದು ಕೋಣೆಗೆ ಇಳಿಯುತ್ತಿದ್ದರು. ಶತ್ರುವಿನ ದೂರ, ವೇಗ, ದಿಕ್ಕು ಇವನ್ನು ಯಂತ್ರಗಳಲ್ಲಿ ಕೂಡಿಸಿ ಫಿರಂಗಿಗಳಿಗೆ ಗುರಿಯನ್ನು ತಿಳಿಸುವ ಕೋಣೆ ಅದು. ತಾಳ ತಪ್ಪದ ಗಮನವುಳ್ಳವರಿಗೆ ಈ ಕೆಲಸ ಒಪ್ಪುತ್ತದೆಂದು ನೌಕಾಪಡೆ ಕಂಡುಕೊಂಡಿತ್ತು. ಹಡಗು ಮುಳುಗಿದರೆ ಅಲ್ಲಿಂದ ಮೇಲೆ ಬರುವ ದಾರಿ ಬಹಳ ಉದ್ದ. 1941ರ ಮೇ 24ರಂದು ‘ಹುಡ್’ ಎಂಬ ನೌಕೆ ಒಡೆದು ಮುಳುಗಿದಾಗ 1,418 ಜನರಲ್ಲಿ ಬದುಕಿದವರು ಮೂವರು. ವಾದಕರಲ್ಲಿ ಒಬ್ಬನೂ ಇಲ್ಲ. ಯುದ್ಧ ಮುಗಿಯುವುದರೊಳಗೆ ಮೆರೀನ್ಸ್ ವಾದಕರಲ್ಲಿ 225 ಜನರು, ಸರಿಸುಮಾರು ನಾಲ್ಕರಲ್ಲಿ ಒಬ್ಬರು, ಮಡಿದಿದ್ದರು.

ಇನ್ನು ರಿಕೆಟ್ಸನ ಹಳೆಯ ಆರ್ಗೈಲ್ ಬೆಟಾಲಿಯನ್ನು. ಅವನು ಹತ್ತೊಂಬತ್ತು ವರ್ಷ ನಡೆಸಿದ ಬ್ಯಾಂಡಿನ ಆ ಬೆಟಾಲಿಯನ್ನು 1939ರಲ್ಲಿ ನಮ್ಮ ಸಿಕಂದರಾಬಾದಿನಿಂದ ಮಲಯಕ್ಕೆ ಹೋಗಿತ್ತು. 1941ರ ಡಿಸೆಂಬರಿನಲ್ಲಿ ಜಪಾನೀಯರು ದಂಡೆತ್ತಿ ಬಂದಾಗ ಕಾಡಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಹೋರಾಡಿತು. 1942ರ ಜನವರಿ 7ರಂದು ಸ್ಲಿಮ್ ನದಿಯ ಬಳಿ ಜಪಾನೀಯರ ಟ್ಯಾಂಕುಗಳು ಅದನ್ನು ಸೀಳಿಹಾಕಿದುವು. ಜನವರಿ 31ರಂದು ಸಿಂಗಪುರದ ಸೇತುವೆಯನ್ನು ಕಟ್ಟಕಡೆಗೆ ದಾಟಿದ ಪಡೆಯೆಂದರೆ ಈ ಅಳಿದುಳಿದ ಆರ್ಗೈಲರು. ಬದುಕಿದ್ದ ಪೈಪ್ ವಾದಕರು ನುಡಿಸುತ್ತಿರಲು ಅವರು ಹೆಜ್ಜೆ ಹಾಕಿದರು. ಎಣಿಸಿ ನೋಡಿದರೆ ಸುಮಾರು ಇನ್ನೂರೈವತ್ತು ಜನ.

ಸಿಂಗಪುರದಲ್ಲಿ ಆಗ ಇನ್ನೊಂದು ಗುಂಪು ಮನೆಯಿಲ್ಲದೆ ನಿಂತಿತ್ತು. ಡಿಸೆಂಬರ್ 10ರಂದು ಜಪಾನೀ ವಿಮಾನಗಳು ಮುಳುಗಿಸಿದ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ ನೌಕೆಗಳಿಂದ ಈಜಿ ಪಾರಾದ ಮೆರೀನ್ಸ್ ಜನ, ಸುಮಾರು ಇನ್ನೂರು. ಈ ಎರಡು ಚೂರುಗಳನ್ನು ಸೇರಿಸಿ ಒಂದು ಬೆಟಾಲಿಯನ್ನು ಮಾಡಿದರು. ಮೆರೀನ್ಸ್ ಪ್ಲಿಮತ್ ವಿಭಾಗದವರು, ಇವರು ಆರ್ಗೈಲರು. ಪ್ಲಿಮತ್ ನಗರದ ಪ್ರಸಿದ್ಧ ಫುಟ್‌ಬಾಲ್ ತಂಡದ ಹೆಸರು ‘ಪ್ಲಿಮತ್ ಆರ್ಗೈಲ್’. ಸಾವಿನ ಬಾಯಿಯಲ್ಲಿಯೂ ಹಾಸ್ಯವನ್ನು ಬಿಡದ ಸಿಪಾಯಿಗಳು ತಮ್ಮನ್ನು ಪ್ಲಿಮತ್ ಆರ್ಗೈಲರೆಂದೇ ಕರೆದುಕೊಂಡರು. ಪ್ರಪಂಚದಲ್ಲಿ ಈ ಎರಡು ಪಡೆಗಳ ಬ್ಯಾಂಡುಗಳನ್ನೂ ತಿದ್ದಿ ಬೆಳೆಸಿದ ಒಬ್ಬ ಮನುಷ್ಯನಿದ್ದನು. ಅವನು ಆಗ ಬಾಂಬಿನಿಂದ ಕೆಡವಿದ ಪ್ಲಿಮತ್ ನಗರದಲ್ಲಿ ಬ್ಯಾಂಡು ನಡೆಸುತ್ತಿದ್ದನು.

ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಅಂದು ಸೆರೆಯಾದ ಭಾರತೀಯ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಒಂದು. ಆರ್ಗೈಲರಲ್ಲಿ ಬಹುಮಂದಿಯನ್ನು ಜಪಾನೀಯರು ಸಯಾಮಿಗೂ ಬರ್ಮಕ್ಕೂ ನಡುವೆ ರೈಲುದಾರಿ ಹಾಕುವುದಕ್ಕೆ ಅಟ್ಟಿದರು. 1942ರಿಂದ 1943ರ ಅಕ್ಟೋಬರಿನವರೆಗೆ 415 ಕಿಲೋಮೀಟರುಗಳ ದಾರಿ ಕಾಡನ್ನೂ ಬಂಡೆಯನ್ನೂ ಕಡಿದು ಸಾಗಿತು. 12,000ಕ್ಕೂ ಮಿಕ್ಕಿದ ಸೆರೆಯಾಳುಗಳು ಕಾಲರಾ, ಹಸಿವು, ಹೊಡೆತಗಳಿಂದ ಸತ್ತರು. ಮಲಯದ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಸೇರಿದಂತೆ ಏಷ್ಯದ ಕಾರ್ಮಿಕರು ಸತ್ತುದು ಇದಕ್ಕಿಂತ ಹಲವು ಪಟ್ಟು ಹೆಚ್ಚು. ಅವರ ಮೇಲೆ ಚಿತ್ರ ತೆಗೆದವರು ಕಡಮೆ.

ಚಲಚ್ಚಿತ್ರ ತೋರಿಸುವ ಕ್ವಾಯ್ ನದಿಯ ಸೇತುವೆ ಇದೇ ರೈಲುದಾರಿಯದು. ಕಥೆ ಕಲ್ಪಿತ, ಪಿಯರ್ ಬೂಲ್ ಎಂಬ ಫ್ರೆಂಚ್ ಲೇಖಕನ ಕಾದಂಬರಿಯಿಂದ ಬಂದುದು. ಚಿತ್ರೀಕರಣ ನಡೆದದ್ದು ಸಿಂಹಳದ್ವೀಪದಲ್ಲಿ. ಸಿಪಾಯಿಗಳು ಹಾಡದೆ ಸಿಳ್ಳು ಹಾಕಿದ್ದಕ್ಕೂ ಕಾರಣವುಂಟು. ಯುದ್ಧಕಾಲದಲ್ಲಿ ಆ ರಾಗಕ್ಕೆ ಹಿಟ್ಲರನನ್ನು ಹಂಗಿಸುವ ಮಾತುಗಳನ್ನು ಜನ ಕಟ್ಟಿದ್ದರು. ಮನೆಮಂದಿಯೆಲ್ಲ ಕೂತು ಕೇಳುವಂಥವಲ್ಲ. ನಿರ್ದೇಶಕ ಡೇವಿಡ್ ಲೀನ್ ಮಾತನ್ನು ಬಿಟ್ಟು ಉಸಿರನ್ನು ಉಳಿಸಿಕೊಂಡನು. ಬ್ರಿಟಿಷ್ ಪ್ರೇಕ್ಷಕರಿಗೆ ಉಳಿದುದು ತಾನಾಗಿ ಕೇಳಿಸುತ್ತಿತ್ತು. ಐದು ವರ್ಷಗಳ ಅನಂತರ ತನ್ನ ‘ಲಾರೆನ್ಸ್ ಆಫ್ ಅರೇಬಿಯ’ ಚಿತ್ರದಲ್ಲಿಯೂ ಲೀನ್ ಇದೇ ಬ್ಯಾಂಡ್‌ಮಾಸ್ಟರನ ‘ದಿ ವಾಯ್ಸ್ ಆಫ್ ದಿ ಗನ್ಸ್’ ಕೃತಿಯನ್ನು ಬಳಸಿಕೊಂಡನು.

ರಿಕೆಟ್ಸನ ಆರೋಗ್ಯ ಕೆಟ್ಟಿತ್ತು. 1944ರ ಜೂನ್ ತಿಂಗಳಲ್ಲಿ ಮೇಜರ್ ದರ್ಜೆಯಲ್ಲಿ ನಿವೃತ್ತನಾದನು. ಬ್ಯಾಂಡಿನ ಬಾಲಕನಾಗಿ ಸೇರಿ ಸುಮಾರು ಐವತ್ತು ವರ್ಷಗಳಾಗಿದ್ದುವು. 1945ರ ಮೇ 8ರಂದು ಐರೋಪ್ಯ ಯುದ್ಧ ಮುಗಿದು, ಬ್ರಿಟನ್ನಿನ ಬೀದಿ ಬೀದಿಗಳಲ್ಲಿ ಬ್ಯಾಂಡುಗಳು ಮೊಳಗಿದುವು. ಅದಾದ ಒಂದು ವಾರಕ್ಕೆ, ಮೇ 15ರಂದು, ಸರ್ರೆಯ ರೈಗೇಟ್ ಎಂಬಲ್ಲಿ 64ರ ಪ್ರಾಯದಲ್ಲಿ ಅವನು ತೀರಿಕೊಂಡನು.

ಪ್ಲಿಮತ್ ಆರ್ಗೈಲರಲ್ಲಿ ಬದುಕಿದ್ದವರು ಆ ದಿನ ಇನ್ನೂ ಜಪಾನೀಯರ ಶಿಬಿರಗಳಲ್ಲಿದ್ದರು. ಅವರ ಬಾಗಿಲು ತೆರೆಯುವುದಕ್ಕೆ ಇನ್ನೂ ಮೂರು ತಿಂಗಳಿದ್ದುವು.